ಜೋಮು ಹಿಡಿದ ಕಾಲಿಗೆ ಕಾವು ಕೊಡಬೇಡಿ

ಕಾಲು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಅವರನ್ನು ನೋಡಿಕೊಳ್ಳುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಎರಡು ಮಾತು ನೆನಪಿಡಿ. ಸ್ಪರ್ಶ ತಿಳಿಯದ ಕಾಲಿಗೆ ಉಪ್ಪಿನ ಗಂಟಿನಿಂದಾಗಲಿ, ಇಟ್ಟಿಗೆಯಿಂದಾಗಲಿ, ಬಿಸಿನೀರಿನ ಚೀಲದಿಂದಾಗಲಿ ಕಾವು ಕೊಡಬೇಡಿ. ನರದ ನೋವಿಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಯಾರದೋ ಮಾತು ಕೇಳಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ನಾನು ಈ ಎರಡನ್ನೂ ಒಂದೇ ವಾರದಲ್ಲಿ ಮಾಡಿದೆ. ಒಮ್ಮೆ ಕತ್ತರಿಸಿದ ಕಾಲನ್ನು ಮತ್ತೊಮ್ಮೆ ಕತ್ತರಿಸಬೇಕಾಯಿತು.

ನಾನು ದಾವಣಗೆರೆಯ ನಿಟುವಳ್ಳಿಯವಳು. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಗಿತ್ತು. ಪಾದಗಳಲ್ಲಿ ಮೊದಲು ಉರಿ, ಆಮೇಲೆ ಇರುವೆ ಹರಿದಂತೆ ಜುಮುಜುಮು, ಕೊನೆಗೆ ಏನೂ ಇಲ್ಲ. ಉರಿ ನಿಂತಿತಲ್ಲ ಎಂದು ಸಮಾಧಾನಪಟ್ಟಿದ್ದೆ. ನರಗಳು ಸುದ್ದಿ ಮುಟ್ಟಿಸುವುದನ್ನೇ ಬಿಟ್ಟಿದ್ದರಿಂದ ಉರಿ ನಿಂತಿದೆ ಎಂದು ತಿಳಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ನಮ್ಮಂಥವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಆ ದಿನಗಳಲ್ಲೇ ಮೆಷಿನ್ನಿನ ಸೂಜಿಯೊಂದು ಮುರಿದು ಬಿತ್ತು. ಅದರ ತುಂಡು ಬಲಪಾದದ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತ್ತು. ಅದೇ ಪಾದದಲ್ಲಿ ಐದು ದಿನ ಪೆಡಲ್ ತುಳಿದಿದ್ದೇನೆ, ಒಂದಿಷ್ಟೂ ನೋಯಲಿಲ್ಲ. ಆಗಷ್ಟೇ ಒರೆಸಿದ ನೆಲದ ಮೇಲೆ ಕೀವಿನ ಕಲೆ ಕಂಡು ಮಗಳು ನನ್ನ ಪಾದ ತಿರುಗಿಸಿ ನೋಡಿದಾಗಲೇ ಗೊತ್ತಾದದ್ದು. ಯುಗಾದಿಗೆ ಮುಂಚೆ ಮೊಣಕಾಲಿನ ಕೆಳಗೆ ಬಲಗಾಲನ್ನು ತೆಗೆದರು.

ಕಾಲು ಹೋದ ದುಃಖಕ್ಕಿಂತ ಹೆಚ್ಚಾಗಿ, ಇಲ್ಲದ ಕಾಲಿನ ನೋವು ನನ್ನನ್ನು ಹೈರಾಣು ಮಾಡಿತು. ಶಸ್ತ್ರಚಿಕಿತ್ಸೆಯಾದ ಮೂರನೆಯ ರಾತ್ರಿ ಬಲಪಾದದ ಬೆರಳುಗಳು ಮಂಡಕ್ಕಿ ಭಟ್ಟಿಯ ಕಾದ ಮರಳಿನಲ್ಲಿ ಹೂತಂತೆ ಉರಿಯತೊಡಗಿದವು. ಹೊದಿಕೆ ಎತ್ತಿ ನೋಡಿದರೆ ಅಲ್ಲಿ ಬರೀ ಹಾಸಿಗೆ. ಬೆರಳುಗಳು ಒಂದರ ಮೇಲೊಂದು ತಿರುಚಿಕೊಂಡಿವೆ, ಬಿಡಿಸಿಕೊಳ್ಳಲು ಆಗುತ್ತಿಲ್ಲ ಎನ್ನಿಸುತ್ತಿತ್ತು. ಸೂಜಿ ಹೊಕ್ಕಿದ್ದ ಜಾಗ, ಐದು ದಿನ ಸುಮ್ಮನಿದ್ದ ಅದೇ ಜಾಗ, ಈಗ ರಾತ್ರಿಯೆಲ್ಲ ಚುಚ್ಚುತ್ತಿತ್ತು. ಯಾರಿಗೆ ಹೇಳುವುದು? ಸಂಬಂಧಿಕರೊಬ್ಬರು, ಕತ್ತರಿಸಿದ ಕಾಲನ್ನು ಹೂತಲ್ಲಿ ಇರುವೆ ಮುತ್ತಿರಬೇಕು ಎಂದರು. ಇನ್ನೊಬ್ಬರು ದೃಷ್ಟಿ ತೆಗೆಸಲು ಹೇಳಿದರು. ತಲೆ ಕೆಟ್ಟಿದೆ ಎಂದುಕೊಂಡಾರು ಎಂಬ ಭಯಕ್ಕೆ ನಾನು ಬಾಯಿ ಮುಚ್ಚಿಕೊಂಡೆ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಇದು ಹೊಸದಾಗಿರಲಿಲ್ಲ. ಕೈಕಾಲು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ನೋವು ಬರುತ್ತದೆ, ಇದಕ್ಕೆ ಫ್ಯಾಂಟಮ್ ನೋವು ಎನ್ನುತ್ತಾರೆ, ನೋವು ನಿಜವಾದದ್ದೇ ಎಂದರು. ರಾತ್ರಿಗೆ ಪ್ರೀಗ್ಯಾಬಲಿನ್ ಮತ್ತು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟು, ಪ್ರೀಗ್ಯಾಬಲಿನ್ನಿನ ಪ್ರಮಾಣವನ್ನು ವಾರಗಳ ಲೆಕ್ಕದಲ್ಲಿ ಮೆಲ್ಲಗೆ ಏರಿಸಿದರು. ತಲೆಸುತ್ತು ಬರುತ್ತಿತ್ತು, ಬೆಳಿಗ್ಗೆ ಮಂಪರು ಬಿಡುತ್ತಿರಲಿಲ್ಲ. ಆದರೆ ನೋವು ಹತ್ತಕ್ಕೆ ಒಂಬತ್ತು ಇದ್ದದ್ದು ಆರಕ್ಕೆ ಇಳಿದಿತ್ತು. ಈಗ ಯೋಚಿಸಿದರೆ ಆ ಮೂರು ಅಂಕ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಆಗ ನನಗೆ ಪೂರ್ತಿ ಹೋಗಬೇಕಿತ್ತು, ಬೇಗ ಹೋಗಬೇಕಿತ್ತು.

ಆಷಾಢದಲ್ಲಿ ಗಿರಾಕಿಯೊಬ್ಬರು ಒಂದು ಭಿತ್ತಿಪತ್ರ ತಂದುಕೊಟ್ಟರು. ನರದ ಎಲ್ಲ ಕಾಯಿಲೆಗೂ 21 ದಿನಗಳಲ್ಲಿ ಶಾಶ್ವತ ಪರಿಹಾರ, ಮೊದಲ ಭೇಟಿ ಉಚಿತ ಎಂದಿತ್ತು. ಬಾಡಿಗೆ ಕೋಣೆಯೊಂದರಲ್ಲಿ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಸಿಗುತ್ತಿದ್ದ ವ್ಯಕ್ತಿ. ಆತನನ್ನು ಯಾಕೆ ನಂಬಿದೆ ಎಂದು ಮಗಳು ಇಂದಿಗೂ ಕೇಳುತ್ತಾಳೆ. ಆತ ಮುಕ್ಕಾಲು ಗಂಟೆ ನನ್ನ ಮಾತು ಕೇಳಿದ. ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಉರಿಯುತ್ತಿರುವುದು ಯಾವ ಬೆರಳು ಎಂದು ಕೇಳಿದ, ನಾನು ಅತ್ತೆ. ಆಮೇಲೆ ನನ್ನ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಇದು ಮಾನಸಿಕ ರೋಗಿಗಳಿಗೆ ಕೊಡುವ ಮಾತ್ರೆ, ಇದೇ ನಿಮ್ಮ ನರಗಳನ್ನು ಕೊಲ್ಲುತ್ತಿದೆ, ಇವತ್ತಿನಿಂದಲೇ ಎಲ್ಲ ನಿಲ್ಲಿಸಿ ಎಂದ.

ಅರ್ಧ ಸತ್ಯ ಎಷ್ಟು ಅಪಾಯಕಾರಿ ನೋಡಿ. ಅಮಿಟ್ರಿಪ್ಟಿಲಿನ್ ಮೊದಲು ಖಿನ್ನತೆಗೆಂದು ಬಂದ ಔಷಧವೇ ಹೌದು. ಅದನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ನರದ ನೋವು ತಗ್ಗುತ್ತದೆ ಎಂಬುದು ಹತ್ತಾರು ವರ್ಷಗಳಿಂದ ವೈದ್ಯರಿಗೆ ಗೊತ್ತಿರುವ ಸಂಗತಿ. ನನಗೆ ಗೊತ್ತಿರಲಿಲ್ಲ. ಬರೆದುಕೊಟ್ಟವರೂ ಬಿಡಿಸಿ ಹೇಳಿರಲಿಲ್ಲ. ನನಗೆ ಮೊದಲೇ ಇದ್ದ ಭಯವನ್ನು ಆತ ಹಿಡಿದುಕೊಂಡ.

ಕರಿ ಗುಳಿಗೆ, ಒಂದು ಬಾಟಲಿ ಎಣ್ಣೆ, ದಿನಕ್ಕೆರಡು ಬಾರಿ ಬಿಸಿ ಉಪ್ಪಿನ ಗಂಟಿನ ಕಾವು. ಒಂದು ವಾರಕ್ಕೆ ಆರು ಸಾವಿರದಂತೆ ಮೂರು ವಾರದ ಹದಿನೆಂಟು ಸಾವಿರವನ್ನು ಮೊದಲೇ ಕಟ್ಟಿಸಿಕೊಂಡ. ಸಂಘದಲ್ಲಿ ಸಾಲ ತೆಗೆದು ಕೊಟ್ಟೆ. ರಸೀದಿ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮಾತ್ರೆ ನಿಲ್ಲಿಸಿದ ಎರಡನೆಯ ದಿನದಿಂದ ನಿದ್ದೆ ಹಾರಿಹೋಯಿತು. ಮೈಯೆಲ್ಲ ಬೆವರು, ವಾಕರಿಕೆ, ಎದೆ ಡವಡವ. ಸೂಜಿಗೆ ದಾರ ಪೋಣಿಸಲಾಗದಷ್ಟು ಕೈ ನಡುಗುತ್ತಿತ್ತು. ಫೋನ್ ಮಾಡಿದರೆ ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯ ಲಕ್ಷಣ ಎಂದ. ಪ್ರೀಗ್ಯಾಬಲಿನ್ ಅನ್ನು ಥಟ್ಟನೆ ನಿಲ್ಲಿಸಿದರೆ ಹೀಗೆಯೇ ಆಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು, ನಿಲ್ಲಿಸಲೇಬೇಕಿದ್ದರೆ ಕನಿಷ್ಠ ಒಂದು ವಾರವಾದರೂ ತೆಗೆದುಕೊಂಡು ವೈದ್ಯರ ಲೆಕ್ಕದಂತೆ ಇಳಿಸುತ್ತಾ ಬರಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ನಾಲ್ಕನೆಯ ದಿನ ಮಾತ್ರ ಮೈ ಹಗುರವೆನಿಸಿತು, ಹಸಿವೂ ಆಯಿತು. ಗುಳಿಗೆ ಕೆಲಸ ಮಾಡುತ್ತಿದೆ ಎಂದು ದೇವರಿಗೆ ದೀಪ ಹಚ್ಚಿದೆ.

ಐದನೆಯ ರಾತ್ರಿ ಉರಿ ಕೆರಳಿತು. ಮಗಳು ಮಲಗಿದ್ದಳು. ಕಬ್ಬಿಣದ ಹೆಂಚಿನ ಮೇಲೆ ಕಲ್ಲುಪ್ಪು ಚಟಪಟ ಎನ್ನುವವರೆಗೆ ಹುರಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಮೊಂಡುಗಾಲಿನ ತುದಿಗೆ ಒತ್ತಿಕೊಂಡೆ. ಕೈಗೆ ಚುರುಕ್ಕೆಂದಿತು, ಕಾಲಿಗೆ ಏನೂ ಆಗಲಿಲ್ಲ. ಬಿಸಿ ಒಳಗೆ ಇಳಿಯುತ್ತಿಲ್ಲ ಎಂದುಕೊಂಡು ಇನ್ನಷ್ಟು ಒತ್ತಿದೆ. ಇಲ್ಲದ ಪಾದ ಉರಿಯುತ್ತಲೇ ಇತ್ತು, ಗಂಟು ತಣ್ಣಗಾದಾಗ ಮತ್ತೆ ಬಿಸಿ ಮಾಡಿಕೊಂಡೆ. ಎಷ್ಟು ಸಲ ಎಂದು ನೆನಪಿಲ್ಲ. ಬೆಳಿಗ್ಗೆ ಬ್ಯಾಂಡೇಜು ಒದ್ದೆಯಾಗಿತ್ತು. ಬಿಚ್ಚಲು ಹೋದರೆ ಬಟ್ಟೆಯ ಜೊತೆಗೇ ಚರ್ಮ ಎದ್ದು ಬಂತು. ಕೆಳಗೆ ಬೆಂದ ಆಲೂಗಡ್ಡೆಯಂಥ ಬಿಳುಪು. ಆಗಲೂ ನೋವಿಲ್ಲ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಆಚೆ ಹೋದಳು.

ಇನ್ನೂ ಎರಡು ದಿನ ಆತನ ಎಣ್ಣೆಯನ್ನೇ ಹಚ್ಚಿದೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಗಾಯದ ಅಂಚು ಕಪ್ಪಾದ ಮೇಲೆ ಆಸ್ಪತ್ರೆಗೆ ಹೋದೆ. ರಕ್ತದ ಸಕ್ಕರೆ 438 ಇತ್ತು. ಕರಿ ಗುಳಿಗೆಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಎಂದು ವೈದ್ಯರು ಅನುಮಾನಪಟ್ಟರು. ಸ್ಟೀರಾಯ್ಡ್ ಮೊದಲ ಕೆಲವು ದಿನ ಹಸಿವು, ಹುಮ್ಮಸ್ಸು ಕೊಡುತ್ತದೆ, ಸಕ್ಕರೆಯನ್ನು ಏರಿಸುತ್ತದೆ, ಗಾಯ ಮಾಯುವುದನ್ನು ತಡೆಯುತ್ತದೆ. ಮೂಳೆಯನ್ನು ಎರಡು ಬೆರಳಿನಷ್ಟು ಮೇಲಕ್ಕೆ ಮತ್ತೆ ಕತ್ತರಿಸಿದರು. ಮೊಣಕಾಲು ಉಳಿಯಿತು. ಸ್ವಂತ ಮೊಣಕಾಲು ಇದ್ದರೆ ಕೃತಕ ಕಾಲಿನಲ್ಲಿ ನಡೆಯಲು ಬೀಳುವ ಶ್ರಮ ಬಹಳ ಕಡಿಮೆ, ಅದೊಂದು ನನ್ನ ಪುಣ್ಯ. ಆದರೆ ಶ್ರಾವಣದಲ್ಲಿ ಸಿಗಬೇಕಿದ್ದ ಕಾಲು ಎಂಟು ತಿಂಗಳು ಮುಂದಕ್ಕೆ ಹೋಯಿತು.

ನೋವು ಪಾದದಲ್ಲೇ ಇಲ್ಲದಿದ್ದರೆ ಕಾವು ಯಾರಿಗೆ ಮುಟ್ಟಬೇಕು? ಇದನ್ನು ನನಗೆ ಬಿಡಿಸಿ ಹೇಳಿದವರು ಎರಡನೆಯ ಸಲದ ಫಿಸಿಯೋಥೆರಪಿಸ್ಟ್. ಮಿದುಳಿನಲ್ಲಿ ಇಡೀ ದೇಹದ ನಕ್ಷೆಯಿದೆ, ಕಾಲು ಹೋದರೂ ನಕ್ಷೆಯಲ್ಲಿ ಅದರ ಜಾಗ ಅಳಿಸುವುದಿಲ್ಲ. ಇತ್ತ ಕತ್ತರಿಸಿದ ನರದ ತುದಿಗಳೂ ತಪ್ಪು ಸಂದೇಶ ಕಳಿಸುತ್ತಿರುತ್ತವೆ. ಮಿದುಳು ಅದನ್ನು ಪಾದದ ಉರಿ ಎಂದು ಓದಿಕೊಳ್ಳುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಕಂಡ ವೈದ್ಯ ಸೈಲಾಸ್ ವೀರ್ ಮಿಚೆಲ್ 1870ರ ದಶಕದ ಆರಂಭದಲ್ಲೇ ಇದಕ್ಕೆ ಫ್ಯಾಂಟಮ್ ಎಂಬ ಹೆಸರು ಕೊಟ್ಟಿದ್ದರಂತೆ. ನಾನು ಹುಚ್ಚಿಯಲ್ಲ ಎಂದು ತಿಳಿದ ಆ ಮಧ್ಯಾಹ್ನ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅವರು ಕಲಿಸಿದ್ದು ಸಣ್ಣ ಸಣ್ಣ ಕೆಲಸಗಳು. ಗಾಯ ಮಾಗಿದ ಮೇಲೆ ಮೊಂಡುಗಾಲನ್ನು ಬಟ್ಟೆಯಿಂದ ಉಜ್ಜಿ ಮುಟ್ಟುವಿಕೆಗೆ ಒಗ್ಗಿಸಬೇಕು, ಮೆತ್ತನೆಯದರಿಂದ ಶುರು ಮಾಡಿ ಒರಟಿಗೆ ಹೋಗಬೇಕು ಎಂದರು. ದರ್ಜಿಯ ಮನೆಯಲ್ಲಿ ಚೂರುಬಟ್ಟೆಗೆ ಬರವೇ? ಮೊದಲ ವಾರ ರೇಷ್ಮೆ, ಆಮೇಲೆ ವಾಯಿಲ್, ಪಾಪ್ಲಿನ್, ಖಾದಿ, ಕೊನೆಗೆ ಟರ್ಕಿ ಟವೆಲ್. ಮೊದಲು ರೇಷ್ಮೆ ಸೋಕಿದರೂ ಮಾಗಿದ ಗೆರೆಯ ಒಂದು ಬದಿಯಲ್ಲಿ ಕರೆಂಟ್ ಹೊಡೆದಂತಾಗುತ್ತಿತ್ತು, ಇನ್ನೊಂದು ಬದಿಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ಕ್ರೇಪ್ ಬ್ಯಾಂಡೇಜನ್ನು ಬಳೆಯಂತೆ ಸುತ್ತಬಾರದು, ಇಂಗ್ಲಿಷಿನ ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿಯಾಗಿ, ಮೇಲೆ ಬರುತ್ತಾ ಸಡಿಲವಾಗಿ ಸುತ್ತಬೇಕು. ಹಿತವೆನಿಸುತ್ತದೆಂದು ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಮಲಗಬೇಡಿ. ಮೊಣಕಾಲು ಮಡಚಿದ ಹಾಗೆಯೇ ಬಿಗಿದುಕೊಂಡರೆ ಕೃತಕ ಕಾಲು ಹಾಕಲು ಆಗುವುದಿಲ್ಲ. ಇದನ್ನು ಮೊದಲ ಸಲ ಯಾರೂ ಹೇಳಿರಲಿಲ್ಲ, ಪ್ರೀತಿಯಿಂದ ದಿಂಬು ಇಡುತ್ತಿದ್ದವಳು ನನ್ನ ಮಗಳೇ.

ಆಮೇಲೆ ಕನ್ನಡಿ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕಂಡುಕೊಂಡ ಉಪಾಯವಿದು. ಗಿರಾಕಿಗಳು ರವಿಕೆ ತೊಟ್ಟು ನೋಡಿಕೊಳ್ಳುತ್ತಿದ್ದ ಉದ್ದನೆಯ ಕನ್ನಡಿಯನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು, ಅದರೊಳಗೆ ಎಡಗಾಲಿನ ಬಿಂಬ ನೋಡುತ್ತಾ ಬೆರಳುಗಳನ್ನು ಮೆಲ್ಲಗೆ ಬಿಚ್ಚಿ ಮಡಚುತ್ತೇನೆ. ಕನ್ನಡಿಯಲ್ಲಿ ನನ್ನ ಬಲಪಾದ ಬೆರಳು ಬಿಡಿಸುತ್ತದೆ. ಮೊದಲ ದಿನ ನೋಡಲಾಗದೆ ಕನ್ನಡಿಯ ಮೇಲೆ ಸೀರೆ ಹೊದಿಸಿಬಿಟ್ಟಿದ್ದೆ. ಎಲ್ಲರಿಗೂ ಇದರಿಂದ ಗುಣ ಕಾಣುವುದಿಲ್ಲ, ನನಗೆ ತಿರುಚಿದ ಬೆರಳುಗಳ ಸೆಳೆತ ಸಡಿಲವಾಗಲು ಐದಾರು ವಾರ ಬೇಕಾಯಿತು. ಉರಿ ಪೂರ್ತಿ ಹೋಗಿಲ್ಲ. ಮಾತ್ರೆ ಮುಂದುವರಿದಿದೆ, ನೋವು ಮೂರು ನಾಲ್ಕರಲ್ಲಿದೆ. ಅದೇ ಕನ್ನಡಿಯಲ್ಲಿ ಪ್ರತಿ ರಾತ್ರಿ ಎಡಪಾದದ ಅಡಿಯನ್ನೂ ಬೆರಳ ಸಂದಿಗಳನ್ನೂ ನೋಡಿಕೊಳ್ಳುತ್ತೇನೆ. ಸ್ನಾನದ ನೀರಿನ ಬಿಸಿಯನ್ನು ಮೊಣಕೈ ಅದ್ದಿ ಪರೀಕ್ಷಿಸದೆ ಕಾಲಿಗೆ ಹಾಕುವುದಿಲ್ಲ. ಮೆಷಿನ್ನಿಗೆ ಮೋಟಾರು ಕೂಡಿಸಿದ್ದೇವೆ, ಎಡಗಾಲಿನಲ್ಲಿ ಒತ್ತುತ್ತೇನೆ.

ಕೃತಕ ಕಾಲಿನ ಬಗ್ಗೆಯೂ ಒಂದು ಮಾತು. ಬಾವು ಇಳಿಯುವ ಮುಂಚೆ ಅಳತೆ ಕೊಟ್ಟರೆ ಆ ಕಾಲು ನಿಲ್ಲುವುದಿಲ್ಲ. ಮೊದಲ ವರ್ಷದಲ್ಲಿ ಮೊಂಡುಗಾಲು ಸೊರಗುತ್ತಾ ಹೋಗುತ್ತದೆ, ಕಾಲುಚೀಲದ ಪದರ ಹೆಚ್ಚಿಸಬೇಕಾಗುತ್ತದೆ, ಮೊಂಡುಗಾಲು ಕೂರುವ ಬಟ್ಟಲನ್ನೇ ಬದಲಿಸಬೇಕಾಗಬಹುದು. ಅಂಗವಿಕಲರ ಗುರುತಿನ ಚೀಟಿಯನ್ನು ಬೇಗ ಮಾಡಿಸಿಕೊಳ್ಳಿ, ಸರ್ಕಾರದ ನೆರವಿಗೆ ಅದು ಬೇಕು. ಅಂಗವಿಕಲರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ನಮ್ಮ ದಾವಣಗೆರೆಯಲ್ಲೇ ಇದೆ, ಸಾಲ ಮಾಡಿ ಕಂಡವರ ಬಾಗಿಲಿಗೆ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

ಆ ಕೋಣೆಯ ಗೋಡೆಯ ಮೇಲೆ ಏನು ತೂಗುಹಾಕಿತ್ತು ಎಂದು ಆಮೇಲೆ ನೆನಪಿಸಿಕೊಂಡೆ. ದೇವರ ಪಟ, ಒಂದು ಕ್ಯಾಲೆಂಡರ್, ಅಷ್ಟೇ. ಕರ್ನಾಟಕದಲ್ಲಿ ಚಿಕಿತ್ಸೆ ಕೊಡುವ ಯಾವುದೇ ಖಾಸಗಿ ಜಾಗ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ಬಂದವರಿಗೆ ಕಾಣುವಂತಿರಬೇಕು. ಕಾಣದಿದ್ದರೆ ಕೇಳಿ. ಕೇಳಿದ್ದಕ್ಕೆ ಸಿಟ್ಟು ಬಂದರೆ ಅಲ್ಲಿಂದ ಎದ್ದು ಬನ್ನಿ. ನಾನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಬರೆದುಕೊಡುವ ಹೊತ್ತಿಗೆ ಕೋಣೆ ಖಾಲಿಯಾಗಿತ್ತು, ಫೋನ್ ಸ್ವಿಚ್ ಆಫ್ ಆಗಿತ್ತು.

ಹೋದ ತಿಂಗಳು ಮಗಳ ಜೊತೆ ಚಿತ್ರದುರ್ಗಕ್ಕೆ ಹೋಗಿದ್ದೆ, ಹೊಸ ಕಾಲಿನಲ್ಲಿ ಮೊದಲ ಬಸ್ ಪ್ರಯಾಣ. ಇಳಿದು ನಿಂತಾಗ ಎದುರಿನ ವಿದ್ಯುತ್ ಕಂಬದ ಮೇಲೆ ಅದೇ ಹಳದಿ ಕಾಗದ ಕಂಡಿತು. ಫೋನ್ ನಂಬರು ಬೇರೆ, ವಾರಗಳು ಬೇರೆ, 21 ದಿನ ಮಾತ್ರ ಹಾಗೆಯೇ ಇತ್ತು. ಮೊದಲ ಭೇಟಿ ಈಗಲೂ ಉಚಿತ.