ಟೈಲ್ ಜಿಪಿಯು, ಇಮಿಡಿಯೇಟ್ ಜಿಪಿಯು: ಯಾವ ಕೆಲಸಕ್ಕೆ ಯಾವುದು?

ಜಿಪಿಯು ಅಂದರೆ ಪರದೆಯ ಚಿತ್ರ ಬಿಡಿಸುವ ಚಿಪ್. 3ಡಿ ದೃಶ್ಯ ಅದಕ್ಕೆ ತ್ರಿಕೋನಗಳಾಗಿ ಬರುತ್ತದೆ. ಇಮಿಡಿಯೇಟ್ ಮೋಡ್ ಚಿಪ್ ಈ ತ್ರಿಕೋನಗಳನ್ನು ಬಂದ ಬಂದ ಹಾಗೆ ಬಿಡಿಸುತ್ತದೆ. ಬಣ್ಣ, ಡೆಪ್ತ್ (ಯಾವುದು ಮುಂದೆ, ಯಾವುದು ಹಿಂದೆ ಎಂಬ ಲೆಕ್ಕ) ಎರಡೂ ಮೆಮೊರಿಯಲ್ಲಿ ಪರದೆಯಷ್ಟು ದೊಡ್ಡ ಬಫರ್‌ಗಳಲ್ಲಿ ಕೂರುತ್ತವೆ. 1920×1080 ಪರದೆಗೆ ಪಿಕ್ಸೆಲ್‌ಗೆ 4 ಬೈಟ್ ಅಂದರೂ ಬಣ್ಣಕ್ಕೇ ಸುಮಾರು 8.3 ಎಂಬಿ ಬೇಕು. ಡೆಪ್ತ್‌ಗೆ ಮತ್ತೆ ಅಷ್ಟೇ. ಒಂದೇ ಪಿಕ್ಸೆಲ್ ಮೇಲೆ ಮತ್ತೆ ಮತ್ತೆ ಬಿಡಿಸಿದರೆ ಮೆಮೊರಿಗೆ ಓಡಾಟ ಜಾಸ್ತಿ. ಚಿಪ್ ಒಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್ ಸ್ವಲ್ಪ ತಡೆಯುತ್ತದೆ, ನಿಜ. ಆದರೂ ಕರೆಂಟ್ ತಿನ್ನುವುದು ಈ ಓಡಾಟವೇ.

ಟೈಲ್ ಚಿಪ್ ಮೊದಲು ತ್ರಿಕೋನಗಳನ್ನು ಪರದೆಯ ಪುಟ್ಟ ಚೌಕಗಳಿಗೆ ಹಂಚುತ್ತದೆ. ಆಮೇಲೆ ಒಂದೊಂದೇ ಚೌಕ ಬಿಡಿಸುತ್ತದೆ. 32×32 ಚೌಕಕ್ಕೆ ಬಣ್ಣ 4 ಕೆಬಿ, ಡೆಪ್ತ್ 4 ಕೆಬಿ. ಚಿಪ್ ಒಳಗೇ ಹಿಡಿಸುತ್ತದೆ, ಅಲ್ವಾ? ಮುಗಿದ ಬಣ್ಣ ಮಾತ್ರ ಹೊರಗೆ ಹೋಗುತ್ತದೆ. ಡೆಪ್ತ್ ಮುಂದೆ ಬೇಡವಾದರೆ ಬರೆಯುವುದೇ ಬೇಡ. ಅಂಚುಗಳನ್ನು ನಯ ಮಾಡುವ ಎಂಎಸ್‌ಎಎ ಕೂಡ ಅಗ್ಗ. ಪವರ್‌ವಿಆರ್, ಆಪಲ್ ಚಿಪ್‌ಗಳಲ್ಲಿ ಇನ್ನೊಂದು ಲಾಭವಿದೆ: ಹಿಂದೆ ಮರೆಯಾಗುವ ಪಿಕ್ಸೆಲ್‌ಗೆ ಶೇಡರ್ (ಬಣ್ಣದ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಓಡುವುದೇ ಇಲ್ಲ. ಹೊಗೆ, ಗಾಜಿನಂಥ ಪಾರದರ್ಶಕ ವಸ್ತುಗಳಿಗೆ ಮಾತ್ರ ಇದು ಸಿಗದು.

ಇದೆಲ್ಲ ಸುಮ್ನೆ ಬರುವುದಿಲ್ಲ. ಹಂಚಿದ ತ್ರಿಕೋನಗಳ ಪಟ್ಟಿಯನ್ನು ಮೆಮೊರಿಯಲ್ಲೇ ಇಡಬೇಕು. ತ್ರಿಕೋನ ಹೆಚ್ಚಿದಷ್ಟೂ ಪಟ್ಟಿ ಬೆಳೆಯುತ್ತದೆ. ಫ್ರೇಮ್ ನಡುವೆ ರೆಂಡರ್ ಟಾರ್ಗೆಟ್ (ಚಿತ್ರ ಬಿಡಿಸುವ ಬಫರ್) ಬದಲಿಸಿ ವಾಪಸ್ ಬಂದರೆ ಚೌಕಗಳನ್ನೆಲ್ಲ ಹೊರಗೆ ಬರೆದು ಮತ್ತೆ ಓದಬೇಕು. ಡೆಸ್ಕ್‌ಟಾಪ್ ಗೇಮ್ ಅನ್ನು ಹಾಗೇ ಮೊಬೈಲ್‌ಗೆ ತಂದಾಗ ಪೆಟ್ಟು ಬೀಳುವುದು ಇಲ್ಲೇ.

ಬ್ಯಾಟರಿ ಮೇಲೆ ಓಡುವುದಾದರೆ ನನ್ನ ಆಯ್ಕೆ ಟೈಲ್. ಜಿಪಿಯುಗೆ ಕೆಲಸ ಹೇಳುವ ಗ್ರಾಫಿಕ್ಸ್ ಎಪಿಐ ಆದ ವಲ್ಕನ್‌ನಲ್ಲಿ ಲೋಡ್, ಸ್ಟೋರ್ ಆಯ್ಕೆಗಳನ್ನು (ಮೆಮೊರಿಯಿಂದ ಓದಬೇಕೇ, ವಾಪಸ್ ಬರೆಯಬೇಕೇ ಎಂಬುದನ್ನು) ದಯವಿಟ್ಟು ಸರಿಯಾಗಿ ಕೊಡಿ. ಬೇಡದ ಡೆಪ್ತ್ ಸ್ಟೋರ್ ಮಾಡಿದರೆ ಉಳಿತಾಯವೇ ಹೋಯಿತು. ವೇಗದ ಮೆಮೊರಿ, ಒಳ್ಳೆ ಕೂಲಿಂಗ್ ಇದ್ದು ತ್ರಿಕೋನಗಳು ವಿಪರೀತ ಇದ್ದರೆ ಇಮಿಡಿಯೇಟ್ ಸಲೀಸು. ನಡುವಿನ ಗೆರೆ ಈಗ ಅಷ್ಟು ಗಟ್ಟಿಯಿಲ್ಲ: 2014ರ ಎನ್‌ವಿಡಿಯಾ ಮ್ಯಾಕ್ಸ್‌ವೆಲ್ ಚಿಪ್‌ಗಳೂ ಚೌಕದ ಲೆಕ್ಕದಲ್ಲೇ ರಾಸ್ಟರೈಸ್ ಮಾಡುತ್ತವೆ, ಅಂದರೆ ತ್ರಿಕೋನಗಳನ್ನು ಪಿಕ್ಸೆಲ್‌ಗಳಾಗಿಸುತ್ತವೆ.