ಲೇಹ್ ಹೋಮ್‌ಸ್ಟೇ: ಜನವರಿಯಲ್ಲಿ ಹೋದರೆ ಮಣ್ಣಿನ ರೂಮನ್ನೇ ಕೇಳಿ

ಲೇಹ್ ಹತ್ತಿರದ ಹಳ್ಳಿಯ ಈ ಹೋಮ್‌ಸ್ಟೇಯಲ್ಲಿ ಎರಡು ಥರದ ರೂಮುಗಳಿವೆ. ಒಂದು ಹೊಸದಾಗಿ ಕಟ್ಟಿದ ಸಿಮೆಂಟ್ ರೂಮು, ಟೈಲ್ಸ್, ಅಟ್ಯಾಚ್ಡ್ ಬಾತ್‌ರೂಮ್, ಬಾಡಿಗೆಯೂ ಜಾಸ್ತಿ. ಇನ್ನೊಂದು ಮಣ್ಣಿನ ರೂಮು. ಚಳಿಗಾಲಕ್ಕೆ ಕಣ್ಣು ಮುಚ್ಚಿಕೊಂಡು ಮಣ್ಣಿಂದನ್ನೇ ಕೇಳಿ.

ನಮಗೆ ಮೊದಲು ಕೊಟ್ಟಿದ್ದು ಸಿಮೆಂಟ್ ರೂಮು. ತೆಳು ಗೋಡೆ, ಸಾಲದ್ದಕ್ಕೆ ಉತ್ತರಕ್ಕೆ ಮುಖ. ಬುಖಾರಿ (ರೂಮು ಬಿಸಿ ಮಾಡುವ ಒಲೆ) ಉರಿಯುವಷ್ಟು ಹೊತ್ತು ಪರವಾಗಿಲ್ಲ, ಆರಿದ ಮೇಲೆ ಮೂರು ರಜಾಯಿ ಹೊದ್ದರೂ ನಡುಕ ನಿಲ್ಲಲಿಲ್ಲ, ಬೆಳಿಗ್ಗೆ ನೋಡಿದರೆ ಲೋಟದ ನೀರು ಗಡ್ಡೆ ಕಟ್ಟಿತ್ತು. ಪೈಪಿನಲ್ಲೂ ಅದೇ ಕಥೆ. ಬಿಸಿನೀರು ಬಕೆಟ್ಟಲ್ಲೇ ಬರಬೇಕು ಅಂದಮೇಲೆ ಆ ಬಾತ್‌ರೂಮಿಗೆ ಕೊಟ್ಟ ದುಡ್ಡು ದಂಡ ಅಲ್ವಾ?

ಕೇಳಿಕೊಂಡು ಮಣ್ಣಿನ ರೂಮಿಗೆ ಹೋದೆವು. ಇಲ್ಲಿ ದಕ್ಷಿಣದ ದಪ್ಪ ಗೋಡೆಗೆ ಹೊರಗಿನಿಂದ ಕಪ್ಪು ಬಣ್ಣ ಬಳಿದು, ನಾಲ್ಕು ಬೆರಳು ಜಾಗ ಬಿಟ್ಟು ಗಾಜು ಕೂರಿಸಿದ್ದಾರೆ. ಟ್ರಾಂಬ್ ಗೋಡೆ ಅಂತಾರೆ. ಹಗಲೆಲ್ಲಾ ಬಿಸಿಲು ಕುಡಿದ ಗೋಡೆ ರಾತ್ರಿ ಅದನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಮಧ್ಯಾಹ್ನ ಒಳಗಿನಿಂದ ಮುಟ್ಟಿದಾಗ ತಣ್ಣಗಿದ್ದ ಗೋಡೆ ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಬೆಚ್ಚಗಾಗಿತ್ತು! ಹಾಸಿಗೆಯನ್ನು ಅದಕ್ಕೇ ತಾಗಿಸಿಕೊಂಡು ಮಲಗಿದೆವು. ಹೊರಗೆ ಮೈನಸ್ 15ರ ಆಸುಪಾಸು, ಒಳಗೆ ಬುಖಾರಿ ಹಚ್ಚಲೇ ಇಲ್ಲ.

ಖರ್ಚಿನ ಬಗ್ಗೆ ಮನೆಯ ಆಮಾ-ಲೇ (ಲಡಾಖಿಯಲ್ಲಿ ಅಮ್ಮ) ಹತ್ತಿರ ವಿಚಾರಿಸಿದೆ. ಇಟ್ಟಿಗೆ ಅವರದೇ ಹೊಲದ ಮಣ್ಣು, ಬೇಸಿಗೆಯಲ್ಲಿ ಅಚ್ಚು ಹಾಕಿ ಬಿಸಿಲಲ್ಲಿ ಒಣಗಿಸಿದ್ದು. ಚಾವಣಿಗೆ ಪಾಪ್ಲರ್ ತೊಲೆ, ಅದರ ಮೇಲೆ ವಿಲ್ಲೋ ಕಡ್ಡಿ, ಹುಲ್ಲು, ಮಣ್ಣು. ಮುಖ್ಯವಾಗಿ ದುಡ್ಡು ಹೋಗಿದ್ದು ಗಾಜಿಗೆ. ಗಾಜು ಕೊಳ್ಳಲು ಆಗದವರು ಚಳಿಗಾಲ ಮುಗಿಯುವವರೆಗೆ ದಪ್ಪ ಪ್ಲಾಸ್ಟಿಕ್ ಶೀಟು ಕಟ್ಟುತ್ತಾರೆ. ಬಿಡುವಿದ್ದರೆ ಫೇ ಹಳ್ಳಿಯ ಸೆಕ್ಮೋಲ್ ಕ್ಯಾಂಪಸ್ಸಿಗೂ ಹೋಗಿಬನ್ನಿ. ಬಿಸಿಲು ಮತ್ತು ಮಣ್ಣನ್ನೇ ನಂಬಿ ಇಡೀ ಶಾಲೆ ಕಟ್ಟಿದ್ದಾರೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಚಾವಣಿಯಿಂದ ಆಗಾಗ ಮಣ್ಣು ಉದುರುತ್ತದೆ, ಬ್ಯಾಗಿನ ಜಿಪ್ ಹಾಕಿಡಿ. ಮೋಡ ಕವಿದ ದಿನ ಗೋಡೆ ಬಿಸಿಯಾಗಲಿಲ್ಲ, ಅವತ್ತು ಬುಖಾರಿಯೇ ಗತಿ. ಟಾಯ್ಲೆಟ್ ಹೊರಗೆ, ನೀರಿನ ಬದಲು ಒಂದು ಸಲಿಕೆ ಮಣ್ಣು ಹಾಕಬೇಕು. ಅಂದಹಾಗೆ, ಇಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ, ಹಾಗಾಗಿ ಮಣ್ಣಿನ ಮಟ್ಟಸ ಚಾವಣಿ ನಡೆಯುತ್ತದೆ. ನೋಡಿ ಆಸೆಪಟ್ಟು ಆಗುಂಬೆಯಲ್ಲಿ ಕಟ್ಟಿಸಲು ಹೋಗಬೇಡಿ!

ಊಟ ಚೆನ್ನಾಗಿದೆ, ಥುಕ್ಪಾ (ನೂಡಲ್ಸ್ ಹಾಕಿದ ಸೂಪು) ಕೇಳಿದಷ್ಟು ಬಡಿಸುತ್ತಾರೆ. ಫೋನಲ್ಲಿ ಬುಕ್ ಮಾಡುವಾಗ ಸುಮ್ನೆ ರೂಮು ಬೇಕು ಅನ್ನಬೇಡಿ, ದಕ್ಷಿಣದ ಗಾಜಿನ ಗೋಡೆಯ ರೂಮು ಅಂತಲೇ ಹೇಳಿ. ಇರುವುದು ಅದೊಂದೇ.