ಪೈಲಿಂಟ್ ಸುಮ್ನೆ ಗೊಣಗುವುದಿಲ್ಲ

ಪೈಥಾನ್ ಕೋಡ್‌ನಲ್ಲಿ ತಪ್ಪು ಹುಡುಕುವ ಪೈಲಿಂಟ್ ಅನ್ನುವ ಸಾಧನದ ಸಿ2801 ಎಚ್ಚರಿಕೆಯನ್ನು ಆಫ್ ಮಾಡಿಟ್ಟಿದ್ದೀರಾ? ದಯವಿಟ್ಟು ಆನ್ ಮಾಡಿ. ಡಂಡರ್ ಮೆಥಡ್ (ಹೆಸರಿನ ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಇರುವ, ಸಾಮಾನ್ಯವಾಗಿ ಪೈಥಾನ್ ತಾನೇ ಕರೆಯುವ ಮೆಥಡ್) ನೇರವಾಗಿ ಕರೆಯಬೇಡ, < ಬಳಸು ಅಂತ ಹೇಳುತ್ತದಲ್ಲ, ಅದೇ.

ಸುಂಟಿಕೊಪ್ಪದ ಹತ್ತಿರ ಗೆಳೆಯರ ತೋಟಕ್ಕೆ ಹಿಂದೆ ಯಾರೋ ಬರೆದುಕೊಟ್ಟ ಸ್ಕ್ರಿಪ್ಟ್ ಒಂದಿದೆ. ಬಿದ್ದ ಮಳೆಯನ್ನು ಇಂಚು-ಸೆಂಟಿನ (ಇಂಚಿನ ನೂರನೇ ಒಂದು ಭಾಗ ಸೆಂಟು) ಲೆಕ್ಕದಲ್ಲಿ ಹಾಕಿದರೆ, ರೊಬಸ್ಟಾ ಕಾಫಿಗೆ ಹೂಮಳೆ (ಹೂ ಅರಳಲು ಬೇಕಾದ ಮಳೆ) ಸಾಕಾಯಿತಾ ಇಲ್ಲ ಸ್ಪ್ರಿಂಕ್ಲರ್ ಹಾಕಬೇಕಾ ಅಂತ ಹೇಳುತ್ತದೆ. ಅವರು ಇಟ್ಟುಕೊಂಡ ಮಿತಿ 1.5 ಇಂಚು. 2.35 ಬಿದ್ದರೆ ಉತ್ತರ ಸರಿ. ಆದರೆ ಸೆಂಟಿಲ್ಲದೆ ಬರೀ 2 ಅಂತ ಹಾಕಿದ ದಿನ ಮಾತ್ರ, ಇನ್ನೂ ಒದ್ದೆ ಇರುವ ತೋಟಕ್ಕೆ ನೀರು ಹಾಯಿಸಿ ಅನ್ನುತ್ತಿತ್ತು!

ಪೈಲಿಂಟ್ ಓಡಿಸಿದರೆ ಸೀದಾ ಆ ಸಾಲಿಗೇ ಬೆರಳಿಟ್ಟಿತು. ಅಲ್ಲಿ < ಬದಲು ಅದರ ಹಿಂದಿರುವ, 'ಕಡಿಮೆಯೇ' ಅಂತ ನೋಡುವ ಡಂಡರ್ ಎಲ್‌ಟಿ ಮೆಥಡ್ಡನ್ನೇ ಕರೆದಿದ್ದರು. 2 ಇಂಟ್ (ಪೂರ್ಣಾಂಕ), 1.5 ಫ್ಲೋಟ್ (ದಶಮಾಂಶ ಸಂಖ್ಯೆ). ಇಂಟ್‌ನ ಎಲ್‌ಟಿಗೆ ಫ್ಲೋಟ್ ಜೊತೆ ಹೋಲಿಸಲು ಬರುವುದಿಲ್ಲ, ನಾಟ್‌ಇಂಪ್ಲಿಮೆಂಟೆಡ್ ಅಂತ ಕೈಚೆಲ್ಲುತ್ತದೆ. < ಬರೆದಿದ್ದರೆ ಪೈಥಾನ್ ಅಲ್ಲಿಗೇ ಬಿಡುತ್ತಿರಲಿಲ್ಲ, ಬಲಗಡೆಯ ಫ್ಲೋಟ್‌ನ ಜಿಟಿಯನ್ನು ('ಹೆಚ್ಚೇ' ಅಂತ ನೋಡುವ ಮೆಥಡ್) ಕೇಳಿ ಸರಿಯಾದ ಉತ್ತರ ತರುತ್ತಿತ್ತು. ಮೆಥಡ್ ನಾವೇ ಕರೆದರೆ ಆ ಎರಡನೇ ಹೆಜ್ಜೆಯೇ ಇಲ್ಲ. ಇದಕ್ಕಿಂತ ಕೆಟ್ಟದ್ದು, ಇಫ್ ಒಳಗೆ ನಾಟ್‌ಇಂಪ್ಲಿಮೆಂಟೆಡ್ ಅಂದರೆ ಟ್ರೂ ಅಂತಲೇ ಲೆಕ್ಕ! ಪೈಥಾನ್ 3.9ರಿಂದ ಒಂದು ಡೆಪ್ರಿಕೇಶನ್ ವಾರ್ನಿಂಗ್ (ಇದು ಮುಂದೆ ನಡೆಯದು ಅನ್ನುವ ಸೂಚನೆ) ಬರುತ್ತದೆ, ಅದೂ ಕೋಡ್ ಬೇರೆ ಮಾಡ್ಯೂಲ್‌ನಲ್ಲಿದ್ದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. 3.14ರಲ್ಲಿ ಮಾತ್ರ ನೇರವಾಗಿ ಟೈಪ್‌ಎರರ್, ಒಳ್ಳೆಯದೇ ಆಯಿತು.

ನನ್ನ ತಕರಾರು ಒಂದೇ. ಈ ಎಚ್ಚರಿಕೆಯನ್ನು ಕನ್ವೆನ್ಷನ್ ಪಟ್ಟಿಯಲ್ಲಿ, ಡಾಕ್‌ಸ್ಟ್ರಿಂಗ್ (ಕೋಡ್ ಒಳಗಿನ ವಿವರಣೆ) ಇಲ್ಲ, ಹೆಸರು ಸರಿಯಿಲ್ಲ ಅನ್ನುವ ಸಾಲಿನಲ್ಲಿ ಹಾಕಿದ್ದಾರೆ. "< ಬಳಸಿ" ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅಂದಚೆಂದದ ವಿಷಯ ಅಂದುಕೊಂಡು ಜನ ದಾಟಿಕೊಂಡು ಹೋಗುತ್ತಾರೆ, ಅಲ್ವಾ? ಹಾಗಂತ ಸುಮ್ಸುಮ್ನೆ ಕಾಡುವುದೂ ಇಲ್ಲ, ಸೂಪರ್ (ಮೂಲ ಕ್ಲಾಸ್‌ನ ಮೆಥಡ್ ಕರೆಯುವ ದಾರಿ) ಮೂಲಕ ಕರೆಯುವ ಡಂಡರ್‌ಗಳಿಗೆ ಬೇರೆ ದಾರಿ ಇಲ್ಲ ಅಂತ ಅದಕ್ಕೇ ಗೊತ್ತು, ಅವನ್ನು ಬಿಟ್ಟುಬಿಡುತ್ತದೆ.

ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ, ನಮ್ಮ ಮಳೆಗಾಲಕ್ಕೆ ಅದೇ ದೊಡ್ಡದು. ದೊಡ್ಡ ಪ್ರಾಜೆಕ್ಟ್‌ನಲ್ಲಿ ನಿಧಾನ ಅನ್ನುವುದು ನಿಜ. 5ಕ್ಕೆ 4 ಕೊಡುತ್ತೇನೆ. ಅದರ ಕಿರಿಕಿರಿ ಪೂರ್ತಿ ಬೇಡ ಅನ್ನುವವರು ಡಿಸೇಬಲ್ ಆಲ್ ಕೊಟ್ಟು, ಸಿ2801 ಒಂದನ್ನೇ ಎನೇಬಲ್ ಮಾಡಿಕೊಳ್ಳಿ.